ಕರಿಹೊಲದಲ್ಲಿ ಗುಂಡಿ ತೋಡುವಂತಿಲ್ಲ

ಮಾರ್ಚ್ 9, 1996, ಶನಿವಾರ

ಸಿರಿಲ್ ಮನೆಗೆ ಬಂದ. ಕಂದು ಬಣ್ಣದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತಿರುಗಿಸಿ ಹಾಕುವ ಮುಚ್ಚಳದ ಸಮೇತ. ಮದುವೆಯಾದಾಗಿನಿಂದ ಬೂಟಿನ ಕೆಸರನ್ನು ಅಡುಗೆಮನೆಯ ನಡುಮಧ್ಯೆ ತಂದು ಉದುರಿಸುತ್ತಿದ್ದ ಮನುಷ್ಯ ಇವತ್ತು ಮೊದಲ ಸಲ ನೆಲ ಕೊಳೆ ಮಾಡದೆ ಒಳಗೆ ಬಂದಿದ್ದಾನೆ. ಚಿತಾಗಾರದವನು ಡಬ್ಬಿ ಕೊಡುತ್ತಾ, ಸ್ವಲ್ಪ ಭಾರ ಇದೆ, ಹುಷಾರು ಎಂದ. ಬದುಕಿದ್ದಾಗಲೂ ಹಾಗೇ ಇದ್ದರು ಎಂದೆ. ನಗಬೇಕೋ ಬೇಡವೋ ತಿಳಿಯದೆ ಅವನು ಬಾಗಿಲು ತೆರೆದು ಹಿಡಿದುಕೊಂಡು ನಿಂತ.

ಡಬ್ಬಿಯನ್ನು ಟೀ ಪಾತ್ರೆಗೂ ರೇಡಿಯೋಗೂ ನಡುವೆ ಇಟ್ಟಿದ್ದೇನೆ. ಅವನಿಗೆ ಪ್ರಿಯವಾದ ಎರಡು ವಸ್ತುಗಳು. ನಾನು ಮೂರನೆಯವಳೋ ನಾಲ್ಕನೆಯವಳೋ ಎಂದು ಕೇಳಲು ಈಗ ತಡವಾಯಿತು.

ಆಸ್ಪತ್ರೆಯಲ್ಲಿ ಅವನು ಹೇಳಿದ್ದು ಒಂದೇ ಮಾತು. ಕರಿಹೊಲದ ಮುಳ್ಳುಮರದ ಬುಡದಲ್ಲಿ ನನ್ನನ್ನು ಹೂಳು, ಚೆಲ್ಲಬೇಡ, ಹೂಳು ಎಂದ. ಚರ್ಚಿನ ಅಂಗಳದಲ್ಲಿ ಅವನ ತಾಯಿ ಎಥೆಲ್ ತನ್ನ ಪಕ್ಕದ ಜಾಗವನ್ನು ಮಗನಿಗೆಂದೇ ಕಾದಿರಿಸಿ ಸತ್ತಿದ್ದಾಳೆ. ಅವಳ ಪಕ್ಕ ಮಲಗುವುದು ಬೇಡವೆನಿಸಿದ್ದರೆ ನಾನು ಅವನನ್ನು ದೂರಲಾರೆ. ಆದರೆ ಚರ್ಚು ಬಿಟ್ಟು ಮುಳ್ಳುಕಸ ಬೆಳೆಯುವ ಹೊಲವೇ ಬೇಕೆಂದರೆ ಏನು ಹೇಳುವುದು. ನನ್ನ ಜಾಗ ಎಲ್ಲಿ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಾರ್ಚ್ 12, ಮಂಗಳವಾರ

ಕರಿಹೊಲ ಎಂದರೆ ನಮ್ಮ ಮನೆಯ ಹಿಂದಿನ ಇಳಿಜಾರು. ಮಣ್ಣು ಮಾತ್ರ ಮಸಿಯಂತೆ ಕಪ್ಪು, ಅದಕ್ಕೇ ಆ ಹೆಸರು. ಉಳಿದಂತೆ ಉಬ್ಬು, ತಗ್ಗು, ಮತ್ತೆ ಉಬ್ಬು. ಆ ಉಬ್ಬುಗಳ ಕೆಳಗೆ ರೋಮನ್ನರ ಕಾಲದ ಹಳ್ಳಿಯೊಂದು ಇದೆಯಂತೆ. ನಿಜವಾದ ರೋಮನ್ನರೂ ಅಲ್ಲ. ನಮ್ಮಂಥವರೇ. ಇದೇ ವಿಲ್ಟ್‌ಶೈರಿನ ಚಳಿಯಲ್ಲಿ ಕುರಿ ಸಾಕಿಕೊಂಡು, ರೋಮಿಗೆ ತೆರಿಗೆ ಕಟ್ಟಿಕೊಂಡು, ರೋಮಿನ ಬಟ್ಟಲು ಕೊಂಡು ಒಡೆದುಕೊಂಡು ಇದ್ದವರು. ಅರಮನೆಯಿಲ್ಲ, ಸ್ನಾನಗೃಹವಿಲ್ಲ, ಬಣ್ಣದ ಕಲ್ಲಿನ ನೆಲವಿಲ್ಲ. ಅಷ್ಟು ಬಡವರನ್ನು ಬದುಕಿದ್ದಾಗ ಯಾರೂ ಕಾಪಾಡಿರಲಾರರು. ಈಗ ಅವರ ಒಡಕು ಬಟ್ಟಲನ್ನು ಸರ್ಕಾರ ಕಾಪಾಡುತ್ತಿದೆ.

ಎಪ್ಪತ್ತೈದರಲ್ಲಿ ಅಧಿಕಾರಿಗಳು ಬಂದು ಹೊಲವನ್ನು ಸಂರಕ್ಷಿತ ಸ್ಮಾರಕ ಎಂದು ಗುರುತು ಮಾಡಿದರು. ಉಳುವಂತಿಲ್ಲ, ಅಗೆಯುವಂತಿಲ್ಲ, ಬೇಲಿಗೂಟ ನೆಡುವಂತಿಲ್ಲ. ಕಣಿವೆಯ ಆಚೆಯವರ ಹೊಲಕ್ಕೂ ಹೀಗೇ ಆದಾಗ ಅವರು ಅಧಿಕಾರಿಯ ಕಾರಿನ ಹಿಂದೆ ನಾಯಿ ಬಿಟ್ಟರು. ನನ್ನ ಗಂಡ ಅವನನ್ನು ಒಳಗೆ ಕರೆದು, ನಾನು ಭಾನುವಾರಕ್ಕೆಂದು ಮಾಡಿಟ್ಟಿದ್ದ ಕೇಕು ಕೊಯ್ದು ಕೊಟ್ಟು, ಧನ್ಯವಾದ ಹೇಳಿ ಕಳಿಸಿದ. ಹೊಲ ಕಳೆದುಕೊಂಡು ಸರ್ಕಾರಕ್ಕೆ ಧನ್ಯವಾದ ಹೇಳಿದ ರೈತ ಇಡೀ ಇಂಗ್ಲೆಂಡಿನಲ್ಲಿ ಇವನೊಬ್ಬನೇ ಇರಬೇಕು. ಪೆದ್ದ ಎಂದೆ. ನಕ್ಕ.

ಆಮೇಲೂ ಪ್ರತಿ ಜನವರಿಯಲ್ಲಿ, ಮುಳ್ಳುಮರದ ಹತ್ತಿರ ಬೇಲಿ ನೋಡಿ ಬರುತ್ತೇನೆ ಎಂದು ಹೋಗುತ್ತಿದ್ದ. ಅಲ್ಲಿ ಬೇಲಿಯೇ ಇಲ್ಲ.

ಇವತ್ತು ಪುರಾತತ್ವ ಕಚೇರಿಗೆ ಫೋನ್ ಮಾಡಿ, ಡಬ್ಬಿಯಷ್ಟು ಅಗಲದ ಒಂದು ಗುಂಡಿಗೆ ಅನುಮತಿ ಕೇಳಿದೆ. ನಿಯಮ ಎಂದರೆ ನಿಯಮ.

ಮಾರ್ಚ್ 14, ಗುರುವಾರ

ಮೈದುನ ವಿಲ್ಫ್ ಬಂದಿದ್ದ. ಅನುಮತಿ ಕೇಳಿದೆ ಎಂದು ಹೇಳಿದ ಕೂಡಲೇ ಟೀ ಲೋಟ ಕೆಳಗಿಟ್ಟ.

"ಕೇಳಿದ್ಯಾ? ನಿಂಗೆ ಕೇಳು ಅಂತ ಯಾರಾದ್ರೂ ಹೇಳಿದ್ರಾ? ಗುದ್ದಲಿ ತಗೊಂಡು ಹೋಗಿ ಅವನನ್ನ ಇಟ್ಟು ಬಂದಿದ್ರೆ ಮುಗೀತಿತ್ತು. ಯಾರು ನೋಡ್ತಿದ್ರು, ಕುರಿಗಳಾ?"

"ಕಾನೂನು ಅಂತ ಒಂದಿದೆ ವಿಲ್ಫ್."

"ಇದೆ. ಕೇಳೋವರೆಗೂ ಅದು ಮಲಗಿತ್ತು. ಈಗ ನೀನೇ ಎಬ್ಬಿಸಿ ಕೂರಿಸಿದೀಯ."

ಇಡೀ ಊರಿನ ಅಭಿಪ್ರಾಯವೂ ಅದೇ. ಅಂಚೆ ಕಚೇರಿಯಲ್ಲಿ ಸಾಲು ನಿಂತವರೆಲ್ಲ ಕರುಣೆಯಿಂದ ನೋಡಿದರು. ಗಂಡ ಹೋದದ್ದಕ್ಕಲ್ಲ, ಅನುಮತಿ ಕೇಳಿದ್ದಕ್ಕೆ. ನಾನು ಕದ್ದು ಹೂತಿದ್ದರೆ ಇವರೇ ಚರ್ಚಿನ ಬಾಗಿಲಲ್ಲಿ ನಿಂತು ನಿಯಮದ ಪಾಠ ಹೇಳುತ್ತಿದ್ದರು. ಸಾಲು ಮುರಿದು ಮುಂದೆ ಹೋಗುವವರನ್ನು ಕಂಡರೆ ಉರಿದು ಬೀಳುವ ಜನ, ಸಾಲಿನಲ್ಲಿ ನಿಂತವಳನ್ನು ಕಂಡರೂ ನಗುತ್ತಾರೆ.

ವಿಲ್ಫನ ಮುಖ ಮಾತ್ರ ಯಾಕೋ ಪೂರ್ತಿ ತಮಾಷೆಯದಾಗಿರಲಿಲ್ಲ. ಹೋಗುವಾಗ, ಅವನು ಅಲ್ಲಿಗೇ ಹೋಗಬೇಕು ಥೆಲ್ಮಾ ಎಂದ. ಗೊತ್ತು, ನನಗೂ ಕಿವಿಯಿದೆ ಎಂದೆ.

ಮಾರ್ಚ್ 26, ಮಂಗಳವಾರ

ಕಚೇರಿಯಿಂದ ಮಿಸ್ಟರ್ ಹ್ಯಾಲೆಟ್ ಬಂದರು. ಕೋಲುಮುಖ, ಕೊರಳಲ್ಲಿ ಕ್ಯಾಮೆರಾ, ಮೊಣಕಾಲಿನವರೆಗೆ ಹೊಚ್ಚಹೊಸ ಬೂಟು. ಸಿರಿಲನ ವಿಷಯಕ್ಕೆ ತುಂಬಾ ಸಂತಾಪ ಸೂಚಿಸಿದರು, ಆಮೇಲೆ ಆಗುವುದಿಲ್ಲ ಎಂದರು. ನೆಲದ ಮೇಲೆ ಚೆಲ್ಲಲು ಅಡ್ಡಿಯಿಲ್ಲ. ಹುಲ್ಲಿನ ಬೇರಿನ ಕೆಳಗೆ ಒಂದು ಬೆರಳು ಹೋದರೂ ಅದು ಸ್ಮಾರಕಕ್ಕೆ ಹಾನಿ.

"ಅವನು ಚೆಲ್ಲಬೇಡ ಅಂದಿದ್ದಾನೆ. ನನ್ನ ಗಂಡ ಗೊಬ್ಬರ ಅಲ್ಲ."

ಅರ್ಥವಾಗುತ್ತದೆ ಎಂದರು. ಈ ಕಚೇರಿಯವರಿಗೆ ಎಲ್ಲವೂ ಅರ್ಥವಾಗುತ್ತದೆ, ಅದೇ ತೊಂದರೆ.

ಹೊಲ ನೋಡಲು ಹೋದೆವು. ಮುಳ್ಳುಮರದ ಆಚೆಗೆ, ಬೆಟ್ಟದ ಕಡೆ, ಒಂದು ಗಾಡಿ ಮಣ್ಣು ಹೊರಗೆ ಬಿದ್ದಿತ್ತು. ಮಣ್ಣಿನ ತುಂಬ ಬಟ್ಟಲಿನ ಚೂರು. ಪಕ್ಕದಲ್ಲಿ ನಾನೇ ತೆವಳಿಕೊಂಡು ಹೋಗಬಹುದಾದಷ್ಟು ದೊಡ್ಡ ಬಿಲ. ಬ್ಯಾಡ್ಜರ್. ಮುಖಕ್ಕೆ ಬಿಳಿ ಪಟ್ಟೆ, ದೇಹಕ್ಕೆ ದಪ್ಪ ಪೃಷ್ಠ, ಕೆಲಸಕ್ಕೆ ನೆಲ ಕೊರೆಯುವುದು. ಹ್ಯಾಲೆಟ್ ಮೊಣಕಾಲೂರಿ ಚೂರೊಂದನ್ನು ಎತ್ತಿಕೊಂಡು, ಮೂರನೇ ಶತಮಾನ ಎಂದು ಸಣ್ಣ ದನಿಯಲ್ಲಿ ಹೇಳಿದರು. ಅಳುತ್ತಾರೇನೋ ಎನಿಸಿತು.

ಇದಕ್ಕೆ ಅನುಮತಿ ಕೊಟ್ಟವರು ಯಾರು ಎಂದು ಕೇಳಿದೆ. ಬ್ಯಾಡ್ಜರನ್ನು ಮುಟ್ಟುವಂತಿಲ್ಲ, ಅದಕ್ಕೆ ಬೇರೆ ಕಾನೂನಿದೆ, ಬೇರೆ ಕಚೇರಿಯಿದೆ ಎಂದರು. ಅಂದರೆ ಸಿರಿಲನನ್ನು ಅವನ ಹೊಲದಲ್ಲಿ ಇಡಲು ನಾನು ಅವನನ್ನು ಬ್ಯಾಡ್ಜರ್ ಎಂದು ದಾಖಲು ಮಾಡಿಸಬೇಕಿತ್ತು. ಹೋಲಿಕೆಯೇನೂ ಕಡಿಮೆಯಿರಲಿಲ್ಲ.

ಏಪ್ರಿಲ್ 3, ಬುಧವಾರ

ಬ್ಯಾಡ್ಜರ್ ಕಚೇರಿಯ ಮಿಸ್ ಓಕ್ಲಿ ಬಂದು ಬಿಲ ನೋಡಿದರು. ಒಳಗೆ ಮರಿಗಳಿರಬಹುದು, ಬೇಸಿಗೆ ಕಳೆಯುವವರೆಗೆ ಯಾರೂ ತೊಂದರೆ ಕೊಡಬಾರದು, ಹತ್ತಿರದಲ್ಲಿ ಜೋರಾಗಿ ಮಾತನ್ನೂ ಆಡಬಾರದು ಎಂದರು. ಕುಟುಂಬ ಒಂದೇ ಕಡೆ ಇರಬೇಕಲ್ಲವೇ ಎಂದು ನನ್ನನ್ನೇ ಕೇಳಿದರು. ಬಿಸ್ಕತ್ತು ತಿಂದು ಹೋದರು.

ಡಬ್ಬಿಯ ಮೇಲೆ ಧೂಳು ಕೂತಿತ್ತು, ಒರೆಸಿದೆ. ಎರಡು ಲೋಟ ಟೀ ಸುರಿದಿದ್ದೆ. ಎರಡನ್ನೂ ನಾನೇ ಕುಡಿದೆ.

ಏಪ್ರಿಲ್ 11, ಗುರುವಾರ

ಬ್ಯಾಡ್ಜರ್ ಇನ್ನೆಷ್ಟು ಇತಿಹಾಸ ಹೊರಗೆಸೆದಿದೆ ನೋಡೋಣವೆಂದು ಬೆಳಿಗ್ಗೆ ಹೋದೆ. ಈಚೆಗೆ ದಿನವೂ ಹೋಗುತ್ತೇನೆ, ಗಾಳಿಗೆ. ಮಣ್ಣಿನ ಮೇಲೆ ಸಣ್ಣ ಎಲುಬುಗಳು ಬಿದ್ದಿದ್ದವು. ಕುರಿಮರಿಯದು ಎಂದುಕೊಂಡೆ. ಕುರಿಮರಿಯ ಎಲುಬು ನನಗೆ ಹೊಸದಲ್ಲ. ಆಮೇಲೆ ತಲೆಯ ಚಿಪ್ಪಿನ ಒಂದು ತುಂಡು ಕಂಡಿತು, ಮೊಟ್ಟೆಯ ಚಿಪ್ಪಿನಷ್ಟು ತೆಳು. ಅದನ್ನು ನೋಡಿದ ಮೇಲೆ ಕುರಿಮರಿ ಎಂದುಕೊಳ್ಳಲು ಆಗಲಿಲ್ಲ.

ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಮೇಲೆ ಹೊದಿಸಿ ಬಂದು ಪೊಲೀಸರಿಗೆ ಫೋನ್ ಮಾಡಿದೆ. ಬಂದ ಕಾನ್‌ಸ್ಟೇಬಲ್ ಟೋಪಿ ತೆಗೆದು, ಈ ಮನೆಯಲ್ಲಿ ಯಾವಾಗಲಾದರೂ ಮಗು ಇತ್ತೇ ಎಂದು ಕೇಳಿದ. ಇಲ್ಲ ಎಂದೆ. ಅದು ಸುಳ್ಳಲ್ಲ. ಮನೆಯಲ್ಲಿ ಇರಲಿಲ್ಲ.

ಎಲುಬುಗಳನ್ನು ಹ್ಯಾಲೆಟ್ ಬಂದು ಹತ್ತಿಯಲ್ಲಿಟ್ಟುಕೊಂಡು ಹೋದರು. ವಸ್ತ್ರ ಇಟ್ಟುಕೊಳ್ಳಿ ಎಂದೆ.

ಏಪ್ರಿಲ್ 12, ಶುಕ್ರವಾರ

ವಿಲ್ಫ್ ಬಂದಿದ್ದ. ನಾಳೆ ಬರೆಯುತ್ತೇನೆ.

ಏಪ್ರಿಲ್ 13, ಶನಿವಾರ

ಇಲ್ಲ.

ಏಪ್ರಿಲ್ 14, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಹೋಗಿದ್ದರೆ ಎಲ್ಲರೂ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು, ನಾನೂ ಆಡುತ್ತಿದ್ದೆ.

ಶುಕ್ರವಾರ ವಿಲ್ಫ್ ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಟೋಪಿಯನ್ನು ಕೈಯಲ್ಲಿ ಸುತ್ತುತ್ತಿದ್ದ. ಮುಖ ಸುಣ್ಣದಂತಾಗಿತ್ತು.

"ಥೆಲ್ಮಾ, ಆ ಎಲುಬು ಮರದ ಯಾವ ಕಡೆ ಸಿಕ್ತು? ಮನೆ ಕಡೆನೋ, ಬೆಟ್ಟದ ಕಡೆನೋ?"

"ಬೆಟ್ಟದ ಕಡೆ. ಬಿಲ ಎಲ್ಲಿಂದ ಎಲ್ಲಿಗೆ ಹೋಗುತ್ತೋ ಯಾರಿಗೆ ಗೊತ್ತು. ನಿಂಗ್ಯಾಕೆ?"

"ನಾವು ಇಟ್ಟಿದ್ದು ಮನೆ ಕಡೆ," ಎಂದ.

ಅರವತ್ಮೂರರ ಜನವರಿ. ಆ ವರ್ಷದ ಹಿಮ ಬೇಲಿಗಳನ್ನು ಮುಚ್ಚಿತ್ತು. ಸೂಲಗಿತ್ತಿ ನಮ್ಮ ಟ್ರ್ಯಾಕ್ಟರಿನ ಮೇಲೆ ಕೂತು ಬಂದಿದ್ದಳು. ಎಲ್ಲ ಮುಗಿದ ಮೇಲೆ ಏನನ್ನೋ ಟವೆಲ್ಲಿನಲ್ಲಿ ಸುತ್ತಿ ಹೊರಗೊಯ್ದಳು. ಮಗು ಅತ್ತ ಸದ್ದು ಕೇಳಲಿಲ್ಲ. ನನಗೆ ಸಿಹಿ ಟೀ ಕೊಟ್ಟು, ಅದರ ವ್ಯವಸ್ಥೆ ಆಗುತ್ತಮ್ಮಾ, ಅದನ್ನ ನೆನೆಸ್ಕೋಬೇಡ, ವರ್ಷದೊಳಗೆ ಇನ್ನೊಂದಾಗತ್ತೆ ಎಂದಳು. ಇನ್ನೊಂದು ಆಗಲಿಲ್ಲ. ಆ ಕಾಲದಲ್ಲಿ ಅಂಥವನ್ನು ಬೇರೆ ಯಾರದೋ ಶವಪೆಟ್ಟಿಗೆಯ ಕಾಲ ಬಳಿ ಸೇರಿಸಿ ಕಳಿಸುತ್ತಿದ್ದರು. ಯಾರ ಪೆಟ್ಟಿಗೆ ಎಂದು ತಾಯಿಗೆ ಹೇಳುತ್ತಿರಲಿಲ್ಲ. ನಮ್ಮೂರ ಚರ್ಚಿನ ಅಂಗಳದ ಪ್ರತಿ ಗೋರಿಕಲ್ಲನ್ನೂ ನಾನು ಇಷ್ಟು ವರ್ಷ ಬೇರೆ ರೀತಿಯಲ್ಲಿ ಓದಿದ್ದೇನೆ.

ಯಾರ ಪೆಟ್ಟಿಗೆಯೂ ಅಲ್ಲವಂತೆ. ದಾರಿ ಮುಚ್ಚಿತ್ತು, ಊರಿಗೆ ಹೋಗುವಂತಿರಲಿಲ್ಲ. ಸಿರಿಲ್ ತಾನೇ ಸೇಬಿನ ಪೆಟ್ಟಿಗೆ ಒಡೆದು ಚಿಕ್ಕ ಪೆಟ್ಟಿಗೆ ಮಾಡಿದ. ನೆಲ ಕಲ್ಲಾಗಿತ್ತು. ಅಣ್ಣತಮ್ಮ ಸೇರಿ ಮುಳ್ಳುಮರದ ಬುಡದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಂಕಿ ಹಾಕಿ ಮಣ್ಣು ಕರಗಿಸಿದರು. ಆ ಹೊಗೆಯನ್ನು ನಾನು ಹಾಸಿಗೆಯಿಂದ ನೋಡಿದ್ದೆ. ಹೆಂಡತಿ ಹೀಗೆ ಬಿದ್ದಿರುವಾಗ ಇವನಿಗೆ ಕಸ ಸುಡುವ ಕೆಲಸವೇ ಎಂದು ಕೋಪ ಬಂದಿತ್ತು. ಸಂಜೆ ಅವನು ಒಳಗೆ ಬಂದಾಗ ಅದನ್ನೇ ಹೇಳಿದ್ದೆ.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀನು ಹುಷಾರಾಗಲಿ ಅಂತ ಕಾದ. ಆಮೇಲೆ ಹೇಳೋಕೆ ಒಳ್ಳೆ ದಿನವೇ ಬರ್ಲಿಲ್ಲ. ಬಾಯಿ ತೆಗೆದಾಗಲೆಲ್ಲ ನೀನೇನಾದ್ರೂ ತಮಾಷೆ ಮಾಡ್ತಿದ್ದೆ."

ಇದೂ ಕೊನೆಗೆ ನನ್ನ ತಲೆಗೇ ಬಂತು. ಇರಲಿ.

ಇನ್ನೊಂದು ಕೇಳಬೇಕಿತ್ತು. ಸೂಲಗಿತ್ತಿಯನ್ನು ಕೇಳಿದಾಗ ತಿಳಿದುಕೊಳ್ಳದಿರುವುದೇ ಒಳ್ಳೆಯದು ಎಂದಿದ್ದಳು. ಸಿರಿಲನನ್ನು ಕೇಳಲು ನನಗೆ ಧೈರ್ಯವಾಗಿರಲಿಲ್ಲ.

"ಗಂಡೋ ಹೆಣ್ಣೋ, ವಿಲ್ಫ್?"

"ಹೆಣ್ಣು. ಹೆಸರು ಇಡು ಅಂದೆ. ಅದು ಥೆಲ್ಮಾ ಕೆಲಸ ಅಂದ."

ಹಾಗಾಗಿ ಈಗ ಹತ್ತಿಯಲ್ಲಿ ಸುತ್ತಿ ಕಚೇರಿಯ ಮೇಜಿನ ಮೇಲೆ ಯಾರನ್ನು ಇಟ್ಟಿದ್ದಾರೋ ನನಗೆ ಗೊತ್ತಿಲ್ಲ. ಹ್ಯಾಲೆಟ್‌ಗೆ ಫೋನ್ ಮಾಡಿದೆ. ಭಾನುವಾರ ಕಚೇರಿ ಇಲ್ಲ. ಸತ್ತವರಿಗೂ ರಜೆ.

ಏಪ್ರಿಲ್ 18, ಗುರುವಾರ

ಹ್ಯಾಲೆಟ್ ಫೋನ್ ಮಾಡದೆ ತಾವೇ ಬಂದರು. ಬೂಟಿಗೆ ಕೆಸರಾಗಿತ್ತು. ಒರೆಸದೆ ಒಳಗೆ ಬಂದರು, ನಾನು ಏನೂ ಅನ್ನಲಿಲ್ಲ.

ಅವಳಲ್ಲ.

ಮೊದಲು ಅದನ್ನು ಬರೆದುಬಿಡಬೇಕು ಎನಿಸಿತು. ಅವರು ಮಿಸ್ ಓಕ್ಲಿಯನ್ನು ಜೊತೆಗಿಟ್ಟುಕೊಂಡು, ಪಿಸುಮಾತಿನಲ್ಲೇ ವ್ಯವಹರಿಸಿ, ಬಿಲದ ಬಾಯಿಗೆ ದೀಪ ಹಿಡಿದು ನೋಡಿದರಂತೆ. ಹಳೆಯ ಮನೆಯೊಂದರ ಗೋಡೆಯ ಬುಡ ಅಲ್ಲಿ ಕಾಣುತ್ತಿದೆ. ಮಿಕ್ಕ ಎಲುಬುಗಳು ಅದರ ಅಡಿಯಲ್ಲಿ, ಒಡೆದ ಬಟ್ಟಲಿನ ದೊಡ್ಡ ಚೂರೊಂದರ ಕೆಳಗೆ, ಇಟ್ಟಲ್ಲೇ ಇವೆ. ಚೂರನ್ನು ಹೊದಿಕೆಯ ಹಾಗೆ ಮುಚ್ಚಿದ್ದಾರೆ. ಸುಮಾರು ಸಾವಿರದ ಏಳುನೂರು ವರ್ಷ. ಹುಟ್ಟುವಾಗಲೇ ಹೋದದ್ದು, ಇಲ್ಲವೇ ಒಂದೆರಡು ದಿನದ್ದು.

"ಅವರಿಗೆ ಸ್ಮಶಾನ ಇರ್ಲಿಲ್ವಾ?"

"ಇತ್ತು, ಊರಾಚೆ. ದೊಡ್ಡವರನ್ನ ಅಲ್ಲಿ ಇಡ್ತಿದ್ರು. ಇಷ್ಟು ಚಿಕ್ಕವರನ್ನ ಮಾತ್ರ ಮನೆ ಗೋಡೆ ಬುಡದಲ್ಲೇ ಇಟ್ಕೊಳ್ತಿದ್ರು."

ಯಾಕೆ ಎಂದೆ. ವಿದ್ವಾಂಸರ ಅಭಿಪ್ರಾಯಗಳನ್ನು ಒಂದೊಂದಾಗಿ ಹೇಳಿದರು. ಎಲ್ಲ ಹೇಳಿ ಮುಗಿಸಿ, ನಿಜ ಹೇಳಬೇಕೆಂದರೆ ಗೊತ್ತಿಲ್ಲ ಎಂದರು. ನನಗೆ ಗೊತ್ತು ಎಂದೆ.

ಅವರು ಟೀ ಕುಡಿದು ಮುಗಿಸುವವರೆಗೆ ಕಾದು, ಕಿಟಕಿಯ ಕಡೆ ನೋಡುತ್ತಾ ಕೇಳಿದೆ.

"ಹೊಲಕ್ಕೆ ಗುರುತು ಹಾಕಿದ್ದು ಎಪ್ಪತ್ತೈದರಲ್ಲಿ. ಅದಕ್ಕೆ ಮುಂಚೆ ಯಾರಾದ್ರೂ ಅಲ್ಲಿ ಏನಾದ್ರೂ ಇಟ್ಟಿದ್ರೆ, ಈಗ ತೆಗೀಬೇಕಾಗುತ್ತಾ?"

ಅವರು ಶೆಲ್ಫಿನ ಮೇಲಿನ ಡಬ್ಬಿ ನೋಡಿದರು. ಆಮೇಲೆ ಕಿಟಕಿಯಾಚೆಯ ಮುಳ್ಳುಮರ ನೋಡಿದರು.

"ಇಲ್ಲ ಮಿಸೆಸ್ ಸ್ಲೋಪರ್. ಆ ದಿನ ಮಣ್ಣಲ್ಲಿ ಏನಿತ್ತೋ ಅದೆಲ್ಲ ಸ್ಮಾರಕಾನೇ. ಯಾರೂ ಮುಟ್ಟೋ ಹಾಗಿಲ್ಲ. ನಾನೂ."

ಅಂದರೆ ಅವಳ ಮೇಲೆ ಯಾರೂ ನೇಗಿಲು ಹಾಯಿಸುವಂತಿಲ್ಲ, ಕೊಟ್ಟಿಗೆ ಕಟ್ಟುವಂತಿಲ್ಲ, ಗೂಟ ನೆಡುವಂತಿಲ್ಲ. ಬಟ್ಟಲು ಒಡೆದುಕೊಂಡವರ ನೆಪದಲ್ಲಿ ಇಪ್ಪತ್ತೊಂದು ವರ್ಷದಿಂದ ಇಡೀ ಸರ್ಕಾರ ನನ್ನ ಮಗಳನ್ನು ಕಾಯುತ್ತಿದೆ. ಸಿರಿಲ್ ಕೊಯ್ದು ಕೊಟ್ಟದ್ದು ಒಣದ್ರಾಕ್ಷಿಯ ಕೇಕು. ಆ ಅಧಿಕಾರಿಗೆ ಇನ್ನೊಂದು ತುಂಡು ಕೊಡಬಹುದಿತ್ತು.

ಏಪ್ರಿಲ್ 23, ಮಂಗಳವಾರ

ಆ ರೋಮನ್ ಕೂಸನ್ನು ಸಂಗ್ರಹಾಲಯದ ಉಗ್ರಾಣದಲ್ಲಿ, ಸಂಖ್ಯೆ ಬರೆದ ರಟ್ಟಿನ ಡಬ್ಬಿಯಲ್ಲಿ ಇಡುತ್ತಾರಂತೆ. ಸಾಧ್ಯವಿಲ್ಲ ಎಂದೆ. ಅದನ್ನು ಇಟ್ಟವಳು ಸಂಖ್ಯೆ ಬರೆದು ಇಟ್ಟಿರಲಿಲ್ಲ. ವಾಪಸು ತಂದು ಹೊಲಕ್ಕೆ ಹಾಕುವವರೆಗೆ ದಿನಾ ಬೆಳಿಗ್ಗೆ ಫೋನ್ ಮಾಡುತ್ತೇನೆ ಎಂದೆ. ಮಾಡುತ್ತಿದ್ದೇನೆ. ಈಗ ಅಲ್ಲಿನ ಟೈಪಿಸ್ಟ್ ನನ್ನ ದನಿ ಕೇಳಿದ ಕೂಡಲೇ ನಿಟ್ಟುಸಿರು ಬಿಡುತ್ತಾಳೆ. ಒಳ್ಳೆಯ ಹುಡುಗಿ, ನೆಗಡಿಯಾಗಿದೆ ಪಾಪ.

ಮೇ 4, ಶನಿವಾರ

ಮೇಲಿನವರು ಒಪ್ಪಿದರು. ಬ್ಯಾಡ್ಜರ್ ಇರುವ ಕಡೆ ಬೇಡ, ಮರದ ಈಚೆಗೆ ಒಂದು ಚಿಕ್ಕ ಗುಂಡಿ ತೋಡಿ ಕೂಸನ್ನು ಮರಳಿ ಇಡಬಹುದು. ಸರ್ಕಾರವೇ ತೋಡುವ ಗುಂಡಿಯಾದ್ದರಿಂದ ಅದರಿಂದ ಸ್ಮಾರಕಕ್ಕೆ ಹಾನಿಯಿಲ್ಲ.

ಜಾಗ ಎಲ್ಲಿ ಎಂದು ಹ್ಯಾಲೆಟ್ ನನ್ನನ್ನೇ ಕೇಳಿದರು. ವಿಲ್ಫ್ ಮೊದಲೇ ತೋರಿಸಿದ್ದ. ಮನೆಯ ಕಡೆಯ ಬೇರಿನ ಹತ್ತಿರ ಒಂದು ಚಪ್ಪಟೆ ಕಲ್ಲು, ಪಾಚಿ ಹಿಡಿದಿದೆ. ಆ ಕಲ್ಲಿನ ಪಕ್ಕ, ಕಲ್ಲನ್ನು ಮುಟ್ಟಬೇಡಿ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಹುಲ್ಲಿನ ಪದರವನ್ನು ಕಂಬಳಿಯಂತೆ ಮಡಿಸಿಟ್ಟು, ಸಣ್ಣ ಕರಣೆಯಿಂದ ಕೆರೆದು ಕೆರೆದು ತೋಡಿದರು. ನೋಡುತ್ತಿದ್ದ ಹಾಗೆ ಗುಂಡಿ ಆ ಕೂಸಿಗೆ ಬೇಕಾದ್ದಕ್ಕಿಂತ ಬಹಳ ಆಳವಾಯಿತು. ಅಗಲವೂ ಆಯಿತು.

"ಇಷ್ಟು ದೊಡ್ಡದು ಯಾಕೆ?" ವಿಲ್ಫ್ ಕೇಳಿಬಿಟ್ಟ. ಇವನಿಗೆ ಬುದ್ಧಿ ಯಾವಾಗ ಬರುತ್ತದೋ.

"ಕೈ ತಪ್ಪಿತು," ಎಂದರು ಹ್ಯಾಲೆಟ್. ಎದ್ದು ಮೊಣಕಾಲು ಒರೆಸಿಕೊಂಡರು. "ಕ್ಯಾಮೆರಾ ಗಾಡಿಯಲ್ಲೇ ಬಿಟ್ಟು ಬಂದೆ. ತರ್ತೀನಿ. ನಾನು ಸ್ವಲ್ಪ ನಿಧಾನಕ್ಕೆ ನಡೆಯೋನು."

ಕ್ಯಾಮೆರಾ ಅವರ ಕೊರಳಲ್ಲೇ ನೇತಾಡುತ್ತಿತ್ತು. ಇಳಿಜಾರಿನ ಉದ್ದಕ್ಕೂ ಅದು ಎದೆಗೆ ಬಡಿಯುತ್ತಲೇ ಹೋಯಿತು. ಅವರು ಒಮ್ಮೆಯೂ ಹಿಂದೆ ತಿರುಗಲಿಲ್ಲ.

ಸಿರಿಲ್ ನನ್ನ ಕೈಚೀಲದಲ್ಲಿದ್ದ. ಸುಮ್ಮನೆ ತಂದಿದ್ದೆ, ನೋಡಲಿ ಎಂದು. ಅವನನ್ನು ಮೊದಲು ಕೆಳಗೆ ಸುರಿದೆವು. ಡಬ್ಬಿ ಹಾಕಲಿಲ್ಲ. ಮುಂದೆಂದೋ ಇನ್ನೊಬ್ಬ ಹ್ಯಾಲೆಟ್ ಬಂದು ಪ್ಲಾಸ್ಟಿಕ್ ಕಂಡರೆ ನಮ್ಮ ಬಗ್ಗೆ ಏನೆಂದುಕೊಂಡಾನು. ಮೇಲೊಂದಿಷ್ಟು ಮಣ್ಣು ಹಾಕಿ ವಿಲ್ಫ್ ಅಂಗೈಯಿಂದ ತಟ್ಟಿದ. ಅವನು ಅಳುತ್ತಿದ್ದ. ನಾನೂ ಅತ್ತೆ. ಬರೆಯದಿದ್ದರೆ ಸುಳ್ಳಾಗುತ್ತದೆ.

ಹ್ಯಾಲೆಟ್ ಬಂದು, ಗುಂಡಿ ಈಗ ಸರಿಯಾದ ಆಳಕ್ಕಿದೆ ಎಂದು ಮೆಚ್ಚಿಕೊಂಡು, ಕೂಸನ್ನು ನನ್ನ ತಲೆವಸ್ತ್ರದ ಸಮೇತ ಇಟ್ಟರು. ಹುಲ್ಲಿನ ಪದರ ಮತ್ತೆ ಹಾಸಿದರು. ಅವರು ಹೋದ ಮೇಲೆ ಚಪ್ಪಟೆ ಕಲ್ಲಿನ ಮೇಲೆ ಕೈಯಿಟ್ಟು ಹೆಸರು ಇಟ್ಟೆ. ಏನೆಂದು ಅಪ್ಪ ಮಗಳಿಬ್ಬರಿಗೆ ಗೊತ್ತಾದರೆ ಸಾಕು. ಎಥೆಲ್ ಎಂದಂತೂ ಇಡಲಿಲ್ಲ.

ಜೂನ್ 9, ಭಾನುವಾರ

ಬ್ಯಾಡ್ಜರಿಗೆ ಮೂರು ಮರಿ. ಮರದ ಈಚೆಗೆ ಬರಬೇಡ ಎಂದು ಹೇಳಿಬಂದೆ, ಜೋರಾಗಿ ಅಲ್ಲ.

ಚರ್ಚಿನಿಂದ ಬಂದು ಆಲೂಗಡ್ಡೆ ಸುಲಿಯುತ್ತಿದ್ದಾಗ ಕರಿಹೊಲದ ಗೇಟಿನ ಹತ್ತಿರ ಒಬ್ಬ ನಿಂತಿದ್ದ. ಹಸಿರು ಕೋಟು, ಕೈಯಲ್ಲಿ ಲೋಹ ಹುಡುಕುವ ಯಂತ್ರ, ಬೆನ್ನಿಗೆ ಗುದ್ದಲಿ. ಚಾಕು ಹಿಡಿದುಕೊಂಡೇ ಹೋದೆ. ಬಹಳ ವಿನಯವಂತ. ಸುಮ್ಮನೆ ಒಂದು ಸುತ್ತು ಹಾಕುತ್ತೇನೆ, ಏನಾದರೂ ಸಿಕ್ಕರೆ ಅರ್ಧ ನಿಮಗೆ, ಚೂರುಪಾರು ಅಗೆದರೆ ಯಾರಿಗೆ ತಿಳಿಯುತ್ತದೆ ಎಂದ. ಕೇಳಿದ್ದು ಒಳ್ಳೆಯದಾಯಿತು ಎಂದೆ. ಕಾನೂನು ಪೂರ್ತಿ ಹೇಳಿದೆ. ಉಳುವಂತಿಲ್ಲ, ಅಗೆಯುವಂತಿಲ್ಲ, ಗೂಟ ನೆಡುವಂತಿಲ್ಲ, ಒಂದು ಚಮಚ ಮಣ್ಣು ಎತ್ತುವಂತಿಲ್ಲ. ನನಗೇ ಗೊತ್ತಿಲ್ಲದಂತೆ ಎಲ್ಲ ಬಾಯಿಪಾಠವಾಗಿದೆ.

"ಅಂಥದ್ದೇನಿದೆ ಅಲ್ಲಿ, ಒಡಕು ಮಡಕೆ ತಾನೆ?"

"ನಮ್ಮ ಮನೆಯವರಿದ್ದಾರೆ."

ಅವನು ಹೊಲವನ್ನು ನೋಡಿದ, ನನ್ನನ್ನು ನೋಡಿದ, ಚಾಕುವನ್ನೂ ನೋಡಿದ.

"ಯಾವ ಕಾಲದವರು?"

ಎಲ್ಲ ಕಾಲದವರೂ ಎಂದು ಹೇಳಿ ಗೇಟು ಹಾಕಿದೆ.